ಮೂರು ಭಾನುವಾರದ ನೆಲನೆಲ್ಲಿ

ಕಳೆದ ವಾರ ಗುಂಡ್ಲುಪೇಟೆಯ ನಮ್ಮ ಆಫೀಸಿನ ಕಾಂಪೌಂಡಿನಲ್ಲಿ ಕಳೆ ಕೀಳಿಸಿದರು. ಎರಡು ಮಳೆ ಬಿದ್ದದ್ದೇ ತಡ, ಸಾಹೇಬರ ಜೀಪು ನಿಲ್ಲುವ ಜಾಗವೊಂದು ಬಿಟ್ಟು ಮಿಕ್ಕೆಲ್ಲ ಕಡೆ ಹಸಿರು ಎದ್ದಿತ್ತು. ಕಿತ್ತದ್ದನ್ನೆಲ್ಲ ತಂದು ನನ್ನ ಕಿಟಕಿಯ ಕೆಳಗೇ ಗುಡ್ಡೆ ಹಾಕಿದರು. ಮಧ್ಯಾಹ್ನದ ಬಿಸಿಲಿಗೆ ಅದು ಬಾಡತೊಡಗಿದಾಗ ಒಂದು ವಾಸನೆ ಒಳಗೆ ಬಂತು. ಹಸಿ ಮಣ್ಣು, ಅದರ ಮೇಲೆ ಒಂದು ಕಹಿ, ಕಹಿಯ ಹಿಂದೆ ಮಜ್ಜಿಗೆಯ ಹುಳಿ... ಮಜ್ಜಿಗೆ ಅಲ್ಲೆಲ್ಲೂ ಇರಲಿಲ್ಲ. ಅದನ್ನು ನನ್ನ ಮೂಗು ತಾನೇ ಸೇರಿಸಿಕೊಂಡಿತ್ತು.

ಕಿಟಕಿಯಿಂದ ಕೈ ಚಾಚಿ ಒಂದು ಗಿಡ ಎಳೆದುಕೊಂಡೆ. ಗೇಣುದ್ದದ ಗಿಡ. ಹುಣಸೆಯದರಂಥ ಪುಟ್ಟ ಎಲೆ, ಎಲೆಗರಿಯ ಹಿಂಬದಿಯಲ್ಲಿ ಸಾಲಾಗಿ ಸಾಸಿವೆಗಿಂತ ಕೊಂಚ ದಪ್ಪದ ಕಾಯಿ. ನೆಲನೆಲ್ಲಿ. ಕಡ್ಡಿ ಹಸಿರೋ ಕೆಂಪೋ ಎಂದು ತಿರುಗಿಸಿ ನೋಡಿದೆ. ನೋಡಿದ ಮೇಲೆ, ಯಾಕೆ ನೋಡಿದೆ ಎಂದು ಗೊತ್ತಾಗಿ ಗಿಡವನ್ನು ಕಿಟಕಿಯಾಚೆ ಎಸೆದೆ.

ಆಫೀಸಿನಲ್ಲಿ ನನ್ನ ಹುದ್ದೆ ಟೈಪಿಸ್ಟಿನದು, ಕೆಲಸ ಕೋತಿಯದು. ಸಾಹೇಬರು ಮೇಲಿನವರ ಜೊತೆ ಫೋನಿನಲ್ಲಿ ಮಾತಾಡುವ ದನಿ ಬೇರೆ, ಫೋನಿಟ್ಟ ಮೇಲೆ ನಮ್ಮ ಜೊತೆ ಮಾತಾಡುವ ದನಿ ಬೇರೆ. ಎರಡನ್ನೂ ಮಾಡಿ ತೋರಿಸುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಊಟಿ ಊಟಿ ಎಂದು ಕೂಗುವ ಕಂಡಕ್ಟರು, ಚೆಂಡುಹೂ ಕೊಳ್ಳಲು ಬಂದು ಮಲಯಾಳದಲ್ಲೇ ಕನ್ನಡ ಮಾತಾಡುವ ವ್ಯಾಪಾರಿ, ಓಣಿಯ ಆಚೆ ತುದಿಗೂ ಕೇಳುವ ನಮ್ಮಪ್ಪನ ಸೀನು, ಎಲ್ಲ ಬರುತ್ತದೆ. ಹೆಣ್ಣು ನೋಡಲು ಹೋದಲ್ಲಿ ಉಪ್ಪಿಟ್ಟು ಗಂಟಲಿಗೆ ಸಿಕ್ಕಿ, ಹೆಣ್ಣಿನ ಅಪ್ಪನೇ ಬೆನ್ನು ಗುದ್ದಿ ಬದುಕಿಸಿದ ನನ್ನನ್ನೂ ಮಾಡಿ ತೋರಿಸುತ್ತೇನೆ. ಆದರೆ ಒಂದು ದನಿಯನ್ನು ಮಾತ್ರ ಐದು ವರ್ಷದಿಂದ ಮಾಡಿಲ್ಲ.

ನಮ್ಮೂರು ಹರವೆಯಲ್ಲಿ ಆ ದನಿಯವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ರಕ್ತಸಂಬಂಧವೇನಲ್ಲ, ಊರೆಲ್ಲ ಟೈಲರ್ ಮಾವ ಅನ್ನುತ್ತಿತ್ತು, ನಾನೂ ಅಂದೆ. ಜಗಲಿಯ ಮೇಲೆ ಮೆಷಿನ್ನು, ಕತ್ತಿನಲ್ಲಿ ಟೇಪು, ತುಟಿಯಲ್ಲಿ ಗುಂಡುಪಿನ್ನು. ಪಿನ್ನು ಕಚ್ಚಿಕೊಂಡೇ ಮಾತಾಡಿ ಮಾತಾಡಿ ಅವನ ದನಿ ಹಲ್ಲಿನ ಸಂದಿಯಿಂದ ಸೋಸಿಕೊಂಡು ಬರುತ್ತಿತ್ತು, ಪಿನ್ನಿಲ್ಲದಾಗಲೂ ಹಾಗೆಯೇ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವನಲ್ಲ. "ಕಾಜಾ ಒಂದೇ ಬಾಕಿ ಕಣಮ್ಮಿ" ಎಂದನೆಂದರೆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ಅರ್ಥ. ಇದನ್ನು ಅವನೆದುರೇ ಅವನ ದನಿಯಲ್ಲಿ ಹೇಳಿ, ರವಿಕೆ ಕೇಳಲು ಬಂದ ಹುಡುಗಿಯರನ್ನು ನಗಿಸುತ್ತಿದ್ದೆ. ಮಾವ ಅಡಿಪಟ್ಟಿ ಎತ್ತಿಕೊಂಡು ಎದ್ದು ನಿಲ್ಲುವ ಹೊತ್ತಿಗೆ ನಾನು ನಮ್ಮ ಜಗಲಿಯಲ್ಲಿರುತ್ತಿದ್ದೆ.

ಭಾನುವಾರ ಮಾತ್ರ ಅವನು ಬೇರೆ ಮನುಷ್ಯ. ಅಂದು ಕಾಮಾಲೆಗೆ ಔಷಧಿ ಕೊಡುತ್ತಿದ್ದ. ಉಡಿಗಾಲ, ಪುಣಜನೂರು, ಗುಂಡ್ಲುಪೇಟೆ ಕಡೆಯಿಂದೆಲ್ಲ ಕಣ್ಣು ಹಳದಿಯಾದವರು ಬಂದು ಜಗಲಿಯ ಕೆಳಗೆ ಕೂರುತ್ತಿದ್ದರು. ಮಾವ ಊರು ಏಳುವ ಮುಂಚೆ ಎದ್ದು, ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಬಾಳೆತೋಟದ ನೀರು ಹರಿಯುವ ಬದುವಿಗೆ ಹೋಗುತ್ತಿದ್ದ. ಎದ್ದಾಗಿನಿಂದ ಸೊಪ್ಪು ಅರೆದು ಮುಗಿಯುವ ತನಕ ತುಟಿ ಬಿಚ್ಚುವಂತಿಲ್ಲ. ಕೀಳುವಾಗ ಕೀಳುವವನ ನೆರಳು ಗಿಡದ ಮೇಲೆ ಬೀಳುವಂತಿಲ್ಲ. ಗಿಡದ ಹೆಸರು ಹೇಳುವಂತೆಯೇ ಇಲ್ಲ, ಬರೀ 'ಸೊಪ್ಪು'. ಬಂದವರಿಗೆಲ್ಲ ಅದು ನೆಲನೆಲ್ಲಿ ಎಂದು ಗೊತ್ತು, ಅವರ ಹೊಲದಲ್ಲೂ ಅದೇ ಕಳೆ. ಆದರೂ ಎಲ್ಲರೂ ಸೇರಿ ಸೊಪ್ಪು ಎನ್ನುತ್ತಿದ್ದರು. ಹಸಿರು ಕಡ್ಡಿಯದು ಮಾತ್ರ, ಬೇರು ಸಮೇತ. ಕೆಂಪು ಕಡ್ಡಿಯದನ್ನು ಮುಟ್ಟುತ್ತಿರಲಿಲ್ಲ. ತೊಳೆದು, ಚಿಟಿಕೆ ಜೀರಿಗೆ ಹಾಕಿ, ಒರಳುಕಲ್ಲಿನಲ್ಲಿ ನುಣ್ಣಗೆ ಅರೆದು, ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ನೀರು ಮಜ್ಜಿಗೆಯಲ್ಲಿ ಕದಡಿ ಬರೀ ಹೊಟ್ಟೆಗೆ ಕುಡಿಸುವುದು. ಮೂರು ಭಾನುವಾರ. ಅಷ್ಟೂ ದಿನ ಎಣ್ಣೆ, ಕಾರ, ಕರಿದದ್ದು ಬಂದ್. ಎಲೆ ಅಡಿಕೆ ತಂದರೆ ತೆಗೆದುಕೊಳ್ಳುತ್ತಿದ್ದ, ಬೇರೇನೂ ಇಲ್ಲ.

ಬೇರೆ ದಿನಗಳಲ್ಲಿ ಅದೇ ಸೊಪ್ಪು ಬೇರೆ ಕೆಲಸಕ್ಕೂ ಬರುತ್ತಿತ್ತು. ಉರಿಮೂತ್ರಕ್ಕೆ ಎಳನೀರಿನಲ್ಲಿ, ಮಕ್ಕಳ ಭೇದಿಗೆ ಮೆಂತ್ಯದ ಜೊತೆ, ಕಜ್ಜಿಗೆ ಉಪ್ಪು ಹಾಕಿ ಅರೆದು ಮೇಲೆ ಲೇಪ. ನನಗೆ ಬಾಯಿಹುಣ್ಣಾದಾಗ ನಾಲ್ಕು ಎಲೆ ಜಗಿಯಲು ಕೊಟ್ಟು, "ನುಂಗ್ಬ್ಯಾಡ, ಮಾತಾಡ್ಲೂ ಬ್ಯಾಡ" ಎಂದ. ಹುಣ್ಣು ಎರಡು ದಿನಕ್ಕೆ ಮಾಯ್ದಿತು. ಊರಿಗೆ ಸಿಕ್ಕ ಆ ಎರಡು ದಿನದ ನೆಮ್ಮದಿಯನ್ನು ಮಾವ ತುಂಬಾ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಆದರೆ ಬಂದವರಿಗೆಲ್ಲ ಔಷಧಿ ಕೊಡುತ್ತಿರಲಿಲ್ಲ. ಮೊದಲು ರೆಪ್ಪೆ ಇಳಿಸಿ ಕಣ್ಣು ನೋಡುವುದು, ಆಮೇಲೆ ನಾಲ್ಕು ಪ್ರಶ್ನೆ.

"ಜ್ವರ ಬಂದಿತ್ತಾ? ಊಟ ಸೇರ್ತದಾ? ಬಯಲ್ಕಡೆಗೋದ್ರೆ ಬೆಳ್ಳಗದಾ? ಮೈ ಕಡೀತದಾ?"

ಜ್ವರವಿಲ್ಲದೆ, ನೋವಿಲ್ಲದೆ ಹಳದಿಯಾಗಿ, ಮೈಯೆಲ್ಲ ಕಡಿಯುತ್ತದೆ ಎಂದವರಿಗೆ ಲೋಟವನ್ನೇ ಎತ್ತುತ್ತಿರಲಿಲ್ಲ. "ಇದು ನಂದಲ್ಲ ಕಣಪ್ಪ. ಮೈಸೂರ್ಗೆ ಓಗಿ. ಇವತ್ತೇ ಓಗಿ." ಅವರು ಕೈಮುಗಿದರೂ ಇಲ್ಲ, ಅತ್ತರೂ ಇಲ್ಲ. ಒಮ್ಮೆ ನಾನೇ ಕೇಳಿದ್ದೆ, ಕುಡಿಸಿದರೆ ನಷ್ಟವೇನು ಎಂದು.

"ಸೊಪ್ಪು ಗದ್ದೆ ಸರಿ ಮಾಡ್ತದೆ ಕಣ್ಲಾ. ಕಾಲ್ವೇಲಿ ಕಲ್ಲು ಬಿದ್ದಿದ್ರೆ ಅದು ಎತ್ತಕಿಲ್ಲ. ನಾನು ಮೂರು ವಾರ ಕುಡುಸ್ಕಂಡು ಕೂತ್ರೆ, ಆ ಮೂರು ವಾರ ಅವ್ರಿಗೆ ಯಾರು ವಾಪಸ್ ಕೊಡ್ತಾರೆ?"

ಇನ್ನೊಂದು ಕಟ್ಟಳೆಯಿತ್ತು. ಔಷಧಿಗೆಂದು ಬಂದವರು ಹೊರಡುವಾಗ 'ಬತ್ತೀನಿ' ಎನ್ನಬಾರದು. ಹಾಗೆಂದರೆ ಕಾಯಿಲೆಯನ್ನೂ ಮತ್ತೆ ಕರೆದ ಹಾಗೆ. ಎದ್ದು ಸುಮ್ಮನೆ ತಿರುಗಿ ನೋಡದೆ ಹೋಗಬೇಕು. ಪಟ್ಟಣದವರು ಯಾರಾದರೂ ಮರ್ಯಾದೆಗೆ ಬರ್ತೀವಿ ಎಂದುಬಿಟ್ಟರೆ ಮಾವನಿಗೆ ಮೈಮೇಲೆ ದೇವರು ಬಂದಂತಾಗುತ್ತಿತ್ತು. "ಯಾಕ್ ಬತ್ತೀಯ? ಬರ್ಬ್ಯಾಡ ಓಗು!"

ಇದಿಷ್ಟನ್ನೂ ನಾನು ಹತ್ತು ನಿಮಿಷದ ಆಟ ಮಾಡಿಟ್ಟುಕೊಂಡಿದ್ದೆ. ಒದ್ದೆ ಪಂಚೆಯ ನಡಿಗೆ, ಮೂಕನ ಹಾಗೆ ಸೊಪ್ಪು ಕೀಳುವುದು, ರೆಪ್ಪೆ ಇಳಿಸುವುದು, ನಾಲ್ಕು ಪ್ರಶ್ನೆ, ಕೊನೆಗೆ ಬರ್ಬ್ಯಾಡ ಓಗು. ನಿಶ್ಚಿತಾರ್ಥ, ಸೀಮಂತ, ಯಾವುದೇ ಇರಲಿ, ಊಟಕ್ಕೆ ಮೊದಲು ಜನ ಕೇಳುತ್ತಿದ್ದುದು ಅದನ್ನೇ. ಕೆಲವು ಸಲ ಮಾವನೇ ಎದುರು ಕೂತು ನೋಡುತ್ತಿದ್ದ. "ಪಂಚೆ ಅಂಗಲ್ಲ ಕಣ್ಲಾ ಎತ್ತೋದು" ಎಂದು ತಿದ್ದುತ್ತಿದ್ದ.

ಐದು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೇಲೆ, ಮಾವ ತನಗಾಗಿ ತುಂಬುತೋಳಿನ ಶರ್ಟು ಹೊಲಿದುಕೊಂಡ. ಒಂದಲ್ಲ, ಮೂರು. ಬನಿಯನ್ನಿನಲ್ಲೇ ಬೇಸಿಗೆ ಕಳೆಯುತ್ತಿದ್ದವನು, ನೆಲ ಕಾದ ಹೆಂಚಿನಂತಾದಾಗ ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡು ಮೆಷಿನ್ನು ತುಳಿಯುತ್ತಿದ್ದ.

"ಏನ್ ಮಾವ, ಇನ್ನೊಂದ್ ಮದ್ವೆಗೆ ರೆಡಿ ಆಯ್ತಿದ್ದೀಯಾ? ಅತ್ತೆಗೆ ಏಳಿದ್ದೀಯೋ ಇಲ್ವೋ?" ಎಂದೆ.

"ನಿಂಗಂತೂ ಯಾರೂ ಕೊಡಾಕಿಲ್ಲ, ನಾನಾರೂ ಆಯ್ತೀನಿ ಬುಡು" ಎಂದ. ನಗುತ್ತಲೇ ಅಡಿಪಟ್ಟಿಯನ್ನು ಕಾಲರಿನೊಳಗೆ ಇಳಿಸಿ ಬೆನ್ನು ಕೆರೆದುಕೊಂಡ. ಕಣ್ಣು ಅರ್ಧ ಮುಚ್ಚಿ, ಬಾಯಿ ಒಂದು ಕಡೆ ಎಳೆದು, ಕಾಲಿನ ಹೆಬ್ಬೆರಳು ಮೇಲೆತ್ತಿ... ನನಗೆ ಬಹಳ ಹಿಡಿಸಿತು. ಮನೆಗೆ ಹೋಗಿ ಕನ್ನಡಿಯ ಮುಂದೆ ಅದನ್ನೇ ಹತ್ತು ಸಲ ಮಾಡಿದೆ. ನಾನು ನೋಡಿದ್ದು ಆ ಹೆಬ್ಬೆರಳನ್ನು.

ಕಣ್ಣು ಹಳದಿಯಾದದ್ದನ್ನು ಕಂಡವಳು ಅತ್ತೆ. ಅವನ ಹೆಂಡತಿ, ನನಗೆ ಅವಳು ಟೈಲರ್ ಅತ್ತೆ. ರಕ್ತ ತೋರಿಸು, ಚಾಮರಾಜನಗರದ ಆಸ್ಪತ್ರೆಗಾದರೂ ಹೋಗಿ ಬಾ ಎಂದು ಅವಳು ಹಟ ಹಿಡಿದಳು. ಮೂರು ಭಾನುವಾರ ಆಗಲಿ, ಆಮೇಲೆ ನೋಡೋಣ ಎಂದು ಅವನು ಹಟ ಹಿಡಿದ. ಕೊಡುವವನ ಕೈಯಿಂದ ಕೊಡುವವನ ಮೈಗೆ ಔಷಧಿ ಹತ್ತುವುದಿಲ್ಲ. ಬೇರೆ ಕೈ ಬೇಕು. ಒಂದು ಸಲ ಬೇರೆಯವರಿಗೆ ಕೈ, ಅಂದರೆ ಆ ಕೈಗುಣ, ದಾಟಿಸಿದರೆ ದಾಟಿಸಿದವನಲ್ಲಿ ಮತ್ತೆ ಉಳಿಯುವುದಿಲ್ಲ. ಅವನು ನನ್ನನ್ನು ಕರೆದ.

ನಾನು ಹಿಂದೆ ಮುಂದೆ ನೋಡಿದೆ, ತಮಾಷೆ ಇರಬೇಕೆಂದು.

"ನಗ್ಬ್ಯಾಡ ಕಣ್ಲಾ. ನನ್ನಂಗೇ ಕೀಳ್ತೀಯ, ನನ್ನಂಗೇ ಅರೀತೀಯ, ನನ್ನಂಗೇ ಕೇಳ್ತೀಯ. ನಿಂಗೆ ಇನ್ನು ಕಲ್ಸೋದೇನದೆ?"

ಬೆಳಿಗ್ಗೆ ಹಿತ್ತಲಲ್ಲಿ ನಿಲ್ಲಿಸಿ, ನನ್ನ ಅಂಗೈಯಲ್ಲಿ ಒಂದು ಗಿಡ ಇಟ್ಟು, ಅದರ ಮೇಲೆ ಚೊಂಬಿನಿಂದ ನೀರು ಬಿಟ್ಟ. ನೀರು ಬೆರಳ ಸಂದಿಯಿಂದ ಸೋರಿ ಹೋಗುವ ತನಕ ಕಾದ. ಆಮೇಲೆ ತನ್ನ ಬರಿಗೈಯನ್ನು ನೋಡಿಕೊಂಡು ಹೇಳಿದ: "ಇನ್ ಮ್ಯಾಲೆ ನನ್ ಕೈಲಿ ಅದು ಬರೀ ಸೊಪ್ಪು."

ಮೊದಲ ಭಾನುವಾರ ನಾನು ಜೀವಮಾನದಲ್ಲೇ ಮೊದಲ ಸಲ ಎರಡು ಗಂಟೆ ಬಾಯಿ ಮುಚ್ಚಿಕೊಂಡಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ "ಏನ್ಲಾ, ನಾಲ್ಗೆ ಬಿದ್ದೋಯ್ತಾ?" ಎಂದು ಕೆಣಕಿದರು. ಬದುವಿನಲ್ಲಿ ಹೊಸ ಬಿಸಿಲಿಗೆ ಎಲೆಗಳು ಆಗಷ್ಟೇ ಬಿಚ್ಚಿಕೊಂಡಿದ್ದವು. ಸಂಜೆ ಮಡಿಸಿಕೊಂಡು ಮಲಗುವ ಗಿಡ ಅದು. ನೆರಳು ತಪ್ಪಿಸಲು ಕೆಸರಿನಲ್ಲಿ ಕಪ್ಪೆಯ ಹಾಗೆ ಕೂತು ಕಿತ್ತೆ. ಅರೆದೆ. ಮಾವ ತನ್ನದೇ ಜಗಲಿಯ ಕೆಳಗೆ, ಕಾಯಿಲೆಯವರು ಕೂರುವ ಜಾಗದಲ್ಲಿ, ತುಂಬುತೋಳಿನ ಶರ್ಟು ಹಾಕಿಕೊಂಡು ಕೂತಿದ್ದ. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ವಾರದಿಂದ ಅವಳ ಮುಖದಲ್ಲಿ ಕಳೆಯಿರಲಿಲ್ಲ.

"ಕೇಳು. ಕೇಳ್ದೆ ಕೊಡೋಂಗಿಲ್ಲ" ಎಂದ ಮಾವ.

ಅವಳನ್ನು ನಗಿಸೋಣ ಅನ್ನಿಸಿತು. ನಾಲಿಗೆಯನ್ನು ಹಲ್ಲಿನ ಹಿಂದಿಟ್ಟು ಅವನ ದನಿ ತೆಗೆದೆ. "ಜ್ವರ ಬಂದಿತ್ತಾ? ಊಟ ಸೇರ್ತದಾ?" ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕಳಲ್ಲ ಎಂದು ನಾನು ಇನ್ನಷ್ಟು ಸೋಸಿ ಕೇಳಿದೆ. "ಮೈ ಕಡೀತದಾ?"

"ಇಲ್ಲ" ಎಂದ ಮಾವ. ಲೋಟ ತೆಗೆದುಕೊಂಡು ಗಟಗಟ ಕುಡಿದ.

ಎರಡನೆಯ ಭಾನುವಾರವೂ ಅದೇ ದನಿ, ಅದೇ ಇಲ್ಲ. ಮೂರನೆಯ ಭಾನುವಾರದ ಹೊತ್ತಿಗೆ ಅವನ ಕಣ್ಣು ಚೆಂಡುಹೂವಿನ ಬಣ್ಣಕ್ಕೆ ತಿರುಗಿತ್ತು, ಶರ್ಟಿನ ಹೆಗಲು ಜೋತು ಬಿದ್ದಿತ್ತು. ಅಳತೆ ತಪ್ಪಿ ಬಟ್ಟೆ ಹೊಲಿದವನಲ್ಲ ಅವನು. ನಾನು ಅದಕ್ಕೂ ಒಂದು ಮಾತು ಹೇಳಿದೆ, "ಮಾವ, ನಿನ್ ಶರ್ಟೂ ಲೇಟಾಗಿ ಕೊಟ್ಟಂಗದೆ, ಅಷ್ಟ್ರಲ್ಲಿ ನೀನೇ ಸಣ್ಣ ಆಗ್ಬುಟ್ಟಿದ್ದೀಯ." ನಾಲ್ಕನೆಯ ಪ್ರಶ್ನೆಗೆ ಅವನು ಸ್ವಲ್ಪ ತಡೆದ. ಹೌದು, ತಡೆದ... ಈಗ ನೆನೆದರೆ ಗೊತ್ತಾಗುತ್ತದೆ. ಆಮೇಲೆ ಇಲ್ಲ ಎಂದ. ಕುಡಿದ.

ಅದಾದ ನಾಲ್ಕನೆಯ ದಿನ ನಮ್ಮ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಹುಡುಗಿಯ ರವಿಕೆ ಮಾವನೇ ಹೊಲಿದದ್ದು, ಅದೂ ಹೇಳಿದ ದಿನಕ್ಕೆ. ಯಾರೂ ಇದನ್ನು ಕೂಡ ಸೂಚನೆ ಎಂದು ತಿಳಿಯಲಿಲ್ಲ, ತಮಾಷೆ ಎಂದುಕೊಂಡೆವು. ಮಾವ ಸುಸ್ತೆಂದು ಮನೆಯಲ್ಲೇ ಮಲಗಿದ್ದ, ಅತ್ತೆ ಬಂದಿದ್ದಳು. ಊಟಕ್ಕೆ ಎಲೆ ಹಾಕುವ ತನಕ ಏನಾದರೂ ಮಾಡು ಎಂದರು. ನಾನು ಹೊಸದನ್ನು ಮಾಡಿದೆ. ಯಾರದೋ ಮಗುವಿನ ಸ್ಕೇಲು ಇಸಿದುಕೊಂಡು ಕಾಲರಿನೊಳಗೆ ಬಿಟ್ಟು, ಕಣ್ಣು ಅರ್ಧ ಮುಚ್ಚಿ, ಬಾಯಿ ಓರೆ ಮಾಡಿ, ಹೆಬ್ಬೆರಳು ಎತ್ತಿ... ಚಪ್ಪರವೆಲ್ಲ ನಕ್ಕಿತು. ಬೆನ್ನಾದ ಮೇಲೆ ತೋಳು, ತೋಳಾದ ಮೇಲೆ ಅಂಗಾಲು. ನಾನು ಕಂಡಷ್ಟನ್ನೂ ಬಿಡದೆ ಮಾಡಿದೆ. ಕಡಿಮೆ ಕಂಡಿರಲಿಲ್ಲ.

ಜಗಲಿಯಿಂದ ಇಳಿದು ಬಂದಾಗ ಅತ್ತೆ ಎದುರು ನಿಂತಿದ್ದಳು. ನಗುತ್ತಿರಲಿಲ್ಲ.

"ನಿಂಗೂ ಕಂಡದಲ್ಲಪ್ಪ" ಎಂದಳು, ಬಹಳ ಮೆಲ್ಲಗೆ. "ನಾನೊಬ್ಳೇ ನೋಡ್ತಿದ್ದೀನಿ ಅನ್ಕಂಡಿದ್ದೆ. ಬೆವರುಸಾಲೆ ಅಂತ ನಂಗೆ ಏಳ್ದ. ದಿನಾ ಶರ್ಟಿನ ತೋಳಲ್ಲಿ ರಕ್ತದ ಕಲೆ ಉಜ್ತೀನಿ. ನಿಂಗೂ ಕಂಡದೆ... ಮತ್ಯಾಕಪ್ಪ ಔಸ್ದಿ ಕೊಟ್ಟೆ?"

ನನ್ನ ಹತ್ತಿರ ಎಷ್ಟೊಂದು ದನಿಗಳಿದ್ದವು. ಒಂದೂ ಬರಲಿಲ್ಲ.

ಓಡಿದೆ. ಮಾವ ಮೆಷಿನ್ನಿನ ಪಕ್ಕ ಚಾಪೆಯ ಮೇಲೆ ಒರಗಿದ್ದ. ನಾನು ಕೇಳಲಿಲ್ಲ, ಮಣಿಕಟ್ಟಿನ ಗುಂಡಿ ಬಿಚ್ಚಿ ತೋಳು ಮೇಲೆತ್ತಿದೆ. ಅವನು ಬಿಡಿಸಿಕೊಳ್ಳಲಿಲ್ಲ. ಮೊಣಕೈಯಿಂದ ಕೆಳಗೆ ಉಗುರಿನ ಗೀರುಗಳು, ಒಂದರ ಮೇಲೊಂದು, ಕೆಲವು ಒಣಗಿದ್ದವು, ಕೆಲವು ಹಸಿಯಿದ್ದವು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಳೆದು ಅಳಿಸಿದ ಹಾಗೆ.

"ಯಾವತ್ತಿಂದ?"

"ಶಿವರಾತ್ರಿಯಿಂದ."

"ಗೊತ್ತಿತ್ತಾ ನಿಂಗೆ?"

ಅವನು ತೋಳು ಇಳಿಸಿಕೊಂಡು ಗುಂಡಿ ಹಾಕಿದ. ಎಷ್ಟು ಜನರನ್ನು ಮೈಸೂರಿಗೆ ಕಳಿಸಿದ್ದನೋ. ಅವರಲ್ಲಿ ಎಷ್ಟು ಜನರ ಮನೆಯವರು ಆಮೇಲೆ ತಿಥಿಯ ಕಾಗದ ಕೊಡಲು ಬಂದಿದ್ದರೋ. ಅವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು.

"ಮೂರು ಸಲ ಕೇಳ್ದೆನಲ್ಲ ಮಾವ. ಮೂರು ಸಲಾನೂ ಇಲ್ಲ ಅಂದ್ಯಲ್ಲ."

ಮಾವ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ನನಗೆ ಸಿಟ್ಟು ಬೇಕಾಗಿತ್ತು.

"ನೀನ್ ಕೇಳ್ನಿಲ್ಲ ಕಣ್ಲಾ. ನನ್ ದನೀಲಿ ನಾನೇ ಕೇಳ್ದಂಗಿತ್ತು. ನಂಗ್ ನಾನು ಶಿವರಾತ್ರಿಯಿಂದ ಇಲ್ಲ ಅಂತಾನೇ ಏಳ್ಕಂಡಿದ್ದೆ, ಅದನ್ನೇ ಏಳ್ದೆ. ನಿನ್ ದನೀಲಿ ಕೇಳಿದ್ರೆ..." ಅಷ್ಟಕ್ಕೆ ನಿಲ್ಲಿಸಿದ. ಕೇಳಿದ್ದರೆ ಏನು ಹೇಳುತ್ತಿದ್ದನೋ, ಅದನ್ನು ಹೇಳಲಿಲ್ಲ. ಬದಲಿಗೆ "ಊಟ ಆಯ್ತಾ ಅಲ್ಲಿ? ರವಿಕೆ ಕೂತದಾ ಆ ಕೂಸ್ಗೆ?" ಎಂದು ಕೇಳಿದ.

ಸಂಜೆಯೊಳಗೆ ಕಾರು ಮಾಡಿಕೊಂಡು ಬಂದೆ. ಅತ್ತೆ ಮುಂದೆ ಕೂತಳು, ಮಾವ ಹಿಂದೆ. ಬಾಗಿಲ ಹತ್ತಿರ ಓಣಿಯವರೆಲ್ಲ ನಿಂತಿದ್ದರು. ನನ್ನಪ್ಪ ಮೈಸೂರಿಗೆ ಜೊತೆಯಲ್ಲಿ ಹೊರಟ. ಮಾವನಿಗೆ ಒರಗಲು ಜಾಗ ಬೇಕಿದ್ದರಿಂದ ನಾನು ಬೆಳಿಗ್ಗೆ ಬಸ್ಸಿಗೆ ಬರುವುದೆಂದಾಯಿತು. ಎಂಜಿನ್ನು ಹೊತ್ತಿತು. ಒಂದೇ ಒಂದು ಮಾತಿಗಾಗಿ ನಾನು ಕಾಯುತ್ತಿದ್ದೆ. ಬತ್ತೀನಿ ಕಣ್ಲಾ ಎಂದುಬಿಡಲಿ ಎಂದು. ಅವನು ಅನ್ನಲಿಲ್ಲ. ನನ್ನ ಕೈಯಿಂದ ಔಷಧಿ ಕುಡಿದವನಲ್ಲವೇ, ಕಟ್ಟಳೆಯಂತೆ ತಿರುಗಿಯೂ ನೋಡದೆ ಹೋದ.

ಪಿತ್ತದ ದಾರಿಯಲ್ಲಿ ಗಂಟು ಎಂದರು ಡಾಕ್ಟರು. ಮೂರು ವಾರ ಮೊದಲೇ ಬಂದಿದ್ದರೆ ಎಂದು ನಾನು ಕೇಳಿದೆ. ಅವರು ನನ್ನನ್ನೊಮ್ಮೆ ನೋಡಿ, ಹಾಗೆಲ್ಲ ಹೇಳೋಕೆ ಬರೋದಿಲ್ಲಪ್ಪ ಎಂದರು. ಹೌದು ಎಂದಿದ್ದರೆ ಅತ್ತುಬಿಡುತ್ತಿದ್ದೆ, ಇಲ್ಲ ಎಂದಿದ್ದರೆ ಮಲಗುತ್ತಿದ್ದೆ. ಅವರು ಎರಡಕ್ಕೂ ಬಿಡಲಿಲ್ಲ. ಊರಿನಲ್ಲಿ ಅರಿಶಿನ ನಾಟಿ ಮಾಡುವ ಹೊತ್ತಿಗೆ ಮಾವ ಹೋದ. ಅವನು ಕೊನೆಗೆ ಹೊಲಿದ ಶರ್ಟುಗಳಲ್ಲಿ ಒಂದನ್ನು ಅತ್ತೆ ನನಗೆ ಕೊಟ್ಟಳು. ನನಗೆ ತೋಳು ಉದ್ದ.

ಕೈ ನನ್ನಲ್ಲೇ ಉಳಿದಿದೆ. ವಾಪಸ್ ಇಸಿದುಕೊಳ್ಳುವವನು ಇಲ್ಲ. ಜನ ಈಗಲೂ ಭಾನುವಾರ ಬರುತ್ತಾರೆ, ಟೈಲರ್ ಕೈ ನಿಂಗೇ ಬಂದಿದೆಯಂತಲ್ಲ ಎಂದು. ಆಸ್ಪತ್ರೆಯಲ್ಲಿ ರಕ್ತ ತೋರಿಸಿ ಎನ್ನುತ್ತೇನೆ. ಕೆಲವರು ಬೈದುಕೊಂಡು ಹೋಗುತ್ತಾರೆ. ನಾನು ಕೊಟ್ಟ ಒಂದೇ ಔಷಧಿ ಏನಾಯಿತೆಂದು ಅವರಿಗೆ ಹೇಳಿಲ್ಲ.

ಕಳೆ ಕಿತ್ತ ಆ ವಾರದ ಭಾನುವಾರ, ಅಂದರೆ ಮೊನ್ನೆ, ಪುಣಜನೂರಿನಿಂದ ಗಂಡ ಹೆಂಡತಿ ಬಂದರು. ಕಬ್ಬು ಕಡಿಯುವ ಕೂಲಿಯವರು. ಅವನಿಗೆ ಕಣ್ಣು ಹಳದಿ, ತುಂಬುತೋಳಿನ ಶರ್ಟು. ಕೇಳಲೆಂದು ಬಾಯಿ ತೆರೆದರೆ ನಾಲಿಗೆ ತಾನೇ ಹೋಗಿ ಹಲ್ಲಿನ ಹಿಂದೆ ಕೂತುಕೊಂಡಿತು. ಅದನ್ನು ಅಲ್ಲಿಂದ ಎಬ್ಬಿಸಿದೆ. ನನ್ನ ದನಿ ಹೇಗಿದೆ ಎಂದು ಹುಡುಕಿದೆ. ಸಿಕ್ಕಿದ್ದು ತೆಳುವಾಗಿತ್ತು, ಯಾರೂ ಅಣಕಿಸಲು ಯೋಗ್ಯವಲ್ಲದ್ದು.

"ಅಣ್ಣ, ಮೈ ಕಡೀತದಾ?"

ಅವನು ಹೆಂಡತಿಯ ಕಡೆ ನೋಡಿದ. ಆಮೇಲೆ ತಾನೇ ತೋಳು ಮಡಿಸಿ ತೋರಿಸಿದ.

ಮೈಸೂರಿಗೆ ಹೋಗಿ, ಇವತ್ತೇ ಹೋಗಿ ಎಂದೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. "ಸೊಪ್ಪಾರೂ ಒಂದ್ಸಲ ಕೊಡಪ್ಪ, ಅಷ್ಟು ದೂರದಿಂದ ಬಂದಿವಿ" ಎಂದಳು ಹೆಂಡತಿ. ನಮ್ಮ ಬಚ್ಚಲ ನೀರು ಹರಿಯುವಲ್ಲಿ ಅದು ಮೊಣಕಾಲೆತ್ತರ ಬೆಳೆದಿತ್ತು, ಅವಳಿಗೂ ಕಾಣುತ್ತಿತ್ತು. ಇಲ್ಲ ಕಣಕ್ಕ ಎಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಗಂಡನ ತೋಳಿನ ಗುಂಡಿಯನ್ನು ತಾನೇ ಹಾಕಿದಳು.

ಓಣಿಯ ತಿರುವಿನಲ್ಲಿ ಅವಳು ನಿಂತು ಹಿಂದಕ್ಕೆ ತಿರುಗಿದಳು. ಕಟ್ಟಳೆ ಗೊತ್ತಿಲ್ಲದವಳು.

"ಬತ್ತೀವಿ ಕಣಪ್ಪ" ಎಂದಳು.

ಮಾವನ ಬೈಗುಳ ಗಂಟಲ ತನಕ ಬಂತು, ಪಿನ್ನು ಕಚ್ಚಿದ ಅದೇ ದನಿಯಲ್ಲಿ. ಅದನ್ನು ನುಂಗಿಕೊಂಡೆ.

"ಬನ್ನಿ" ಎಂದೆ. "ಇಬ್ರೂ ಬನ್ನಿ."